ನಿದ್ದೆಯ ಮದ್ದು, ನೋವಿನ ಮದ್ದು

ದೊಡ್ಡಕರುಳಿನೊಳಗೆ ಸ್ಕೋಪೆಂಬ ಕೊಳವೆ ತೂರಿಸಿ ನೋಡುವ ಕೊಲೊನೊಸ್ಕೋಪಿಗೆ ದಿನ ಗೊತ್ತಾದವರು ಮೊದಲು ಕೇಳುವುದೇ ಇದನ್ನು: "ನಿದ್ದೆ ಇಂಜೆಕ್ಷನ್ ಕೊಡ್ತೀರಲ್ಲ ಸಾರ್?" ಕೊಡುತ್ತಾರೆ. ಆದರೆ ನಿದ್ದೆ ಬರಿಸುವುದೆಲ್ಲ ನೋವು ಕಳೆಯುವುದಿಲ್ಲ.

ಅಷ್ಟಕ್ಕೂ ನೋವು ಎಲ್ಲಿಂದ? ದೊಡ್ಡಕರುಳಿನ ಒಳಪೊರೆಯಿಂದ ಚೂರು ಚಿವುಟಿ ತೆಗೆದರೂ ನಮಗೆ ತಿಳಿಯುವುದಿಲ್ಲ. ಜಗ್ಗಿದರೆ, ಉಬ್ಬಿಸಿದರೆ ಮಾತ್ರ ಕರುಳು ಕೂಗುತ್ತದೆ. ಎಡಗಡೆ ಕೆಳಹೊಟ್ಟೆಯ ಡೊಂಕಿನಲ್ಲಿ ಸ್ಕೋಪು ಕುಣಿಕೆ ಬಿದ್ದಾಗ ಆಗುವುದು ಅದೇ. ದಾರಿ ಬಿಡಿಸಲು ಊದುವ ಗಾಳಿಯೂ ಹೊಟ್ಟೆ ಹಿಂಡುತ್ತದೆ. ಗಾಳಿಯ ಬದಲು ಕಾರ್ಬನ್ ಡೈಆಕ್ಸೈಡ್ ಬಿಟ್ಟರೆ ಅದು ಬೇಗ ರಕ್ತ ಸೇರಿ ಉಸಿರಲ್ಲಿ ಹೊರಹೋಗುತ್ತದೆ. ಇಂಜೆಕ್ಷನ್ನಿನ ಹಂಗಿಲ್ಲದ ಶಮನವಿದು.

ಹಳೆಯ ಜೋಡಿ ಮಿಡಜೋಲಂ, ಫೆಂಟನಿಲ್. ನೋವು ತಗ್ಗಿಸುವುದು ಫೆಂಟನಿಲ್. ಮಿಡಜೋಲಂ ಮಂಪರು ತರಿಸಿ ನೆನಪನ್ನು ಅಳಿಸುತ್ತದೆ. ಮೇಜಿನ ಮೇಲೆ ನರಳಿದವರೇ ಆಮೇಲೆ "ಏನೂ ಗೊತ್ತಾಗ್ಲಿಲ್ಲ" ಎನ್ನುವುದುಂಟು! ಎರಡಕ್ಕೂ ಪ್ರತಿಮದ್ದಿದೆ.

ಪ್ರೊಪೊಫಾಲ್ ನೋಡಲು ಥೇಟ್ ಹಾಲು. ಸೋಯಾ ಎಣ್ಣೆಯಲ್ಲಿ ಬೆರೆಸಿದ ಮದ್ದು. ಒಂದು ನಿಮಿಷದೊಳಗೆ ನಿದ್ದೆ, ನಿಲ್ಲಿಸಿದ ಕೆಲವೇ ನಿಮಿಷದಲ್ಲಿ ಎಚ್ಚರ. ನೋವು ನಿವಾರಕವಂತೂ ಅಲ್ಲ, ನೋವು ಅರಿಯುವ ಎಚ್ಚರವನ್ನೇ ತೆಗೆದುಬಿಡುತ್ತದೆ. ಉಸಿರು, ರಕ್ತದೊತ್ತಡ ಎರಡನ್ನೂ ಇಳಿಸಬಲ್ಲದು, ಪ್ರತಿಮದ್ದಿಲ್ಲ. ಅದಕ್ಕೇ ಉಸಿರಿನ ಮೇಲೆ ಕಣ್ಣಿಟ್ಟು ಕೂರಲು ನುರಿತವರೊಬ್ಬರು, ಸಾಮಾನ್ಯವಾಗಿ ಅರಿವಳಿಕೆ ತಜ್ಞರು, ಬೇಕೇಬೇಕು. ಬಿಲ್ಲು ಏರುವುದೂ ಅಲ್ಲೇ.

ಬ್ರಿಟನ್ನಿನಲ್ಲಿ ಹಲವರು ಎಂಟೊನಾಕ್ಸ್ ಎಳೆದುಕೊಳ್ಳುತ್ತಾರೆ: ಅರ್ಧ ನೈಟ್ರಸ್ ಆಕ್ಸೈಡ್, ಅರ್ಧ ಆಮ್ಲಜನಕ. ಏನೂ ಬೇಡವೆಂದು ತಮ್ಮ ಕರುಳನ್ನು ತಾವೇ ಪರದೆಯಲ್ಲಿ ನೋಡುತ್ತ ಮಲಗುವವರೂ ಇದ್ದಾರೆ.

ನೆನಪಿನ ಆಟ ಇನ್ನೂ ವಿಚಿತ್ರ. 2003ರಲ್ಲಿ ರೆಡೆಲ್‌ಮಯರ್, ಕಾನಮನ್ ಮತ್ತು ಸಂಗಡಿಗರು 682 ರೋಗಿಗಳ ಪ್ರಯೋಗ ಪ್ರಕಟಿಸಿದರು. ಅರ್ಧದಷ್ಟು ಜನರಿಗೆ ಪರೀಕ್ಷೆ ಮುಗಿದ ಮೇಲೂ ಸ್ಕೋಪಿನ ತುದಿಯನ್ನು ಸ್ವಲ್ಪ ಹೊತ್ತು ಒಳಗೇ, ಅಲುಗಿಸದೆ ಬಿಟ್ಟರು. ಕಿರಿಕಿರಿ ಹೆಚ್ಚು ಹೊತ್ತು ಉಂಡವರೇ ಆಮೇಲೆ ಅನುಭವ ಅಷ್ಟು ಕೆಟ್ಟದಾಗಿರಲಿಲ್ಲ ಎಂದರು! ಕೊನೆ ಹಗುರವಾಗಿದ್ದರೆ ನೆನಪೂ ಹಗುರ.

ನನ್ನನ್ನು ಕೇಳಿದರೆ, ಯಾವ ಮದ್ದು ಎನ್ನುವುದಕ್ಕಿಂತ ಉಸಿರು ನೋಡಿಕೊಳ್ಳುವವರು ಯಾರೆಂದು ಮೊದಲು ವಿಚಾರಿಸಿ. ಗೊರಕೆ, ಉಬ್ಬಸ, ಹೃದಯದ ತೊಂದರೆ ಇದ್ದರೆ ಮುಚ್ಚಿಡಬೇಡಿ. ನಿದ್ದೆ ಇಂಜೆಕ್ಷನ್ ತೆಗೆದುಕೊಂಡಿರಾದರೆ 24 ಗಂಟೆ ಸ್ಕೂಟರ್ ಕೀ ಮನೆಯವರ ಕೈಯಲ್ಲಿರಲಿ.