ಯಂತ್ರದ ಮೂರು ಬೇಲಿಗಳು

ಕಳೆದ ಯುಗಾದಿಯ ಸಮಾರಂಭದಲ್ಲಿ, ಊಟದ ಪಂಕ್ತಿ ಏಳುವ ಹೊತ್ತಿಗೆ, ನಮ್ಮ ಸಂಘದ ಹಿರಿಯ ಸದಸ್ಯೆಯೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದರು. “ನಮ್ಮ ತಂಗೀ ಮಗ ಭೋಸರಿಯೊಳಗ ಸಿ.ಎನ್.ಸಿ. ಮಷೀನ್ ಮ್ಯಾಲೆ ಕೆಲಸಕ್ಕಿದ್ದಾನ್ರಿ. ಮೂರು ದಿನಾ ಆತು, ಸರಿಯಾಗಿ ಊಟಾ ಮಾಡವಲ್ಲ. ಮಷೀನು ‘ಓವರ್ ಟ್ರಾವೆಲ್’ ಆತು ಅಂತಾನ. ಹಂಗಂದ್ರ ಏನ್ರಿ? ಅದು ಅವನ ತಪ್ಪೇನು?” ಎಂದು ಕೇಳಿದರು.

ಹುಡುಗನನ್ನೇ ಕರೆದು ವಿಚಾರಿಸಿದೆವು. ಗೋಕಾಕದ ಕಡೆಯವನು, ಐ.ಟಿ.ಐ. ಮುಗಿಸಿ ಪುಣೆಗೆ ಬಂದು ನಾಲ್ಕು ತಿಂಗಳಾಗಿತ್ತು. ರಾತ್ರಿಪಾಳಿಯಲ್ಲಿ ವಿದ್ಯುತ್ತು ಹೋಗಿ ಬಂದಿತು. ಯಂತ್ರವನ್ನು ಮತ್ತೆ ಚಾಲೂ ಮಾಡಿ ಟೇಬಲನ್ನು ಸರಿಸುವಾಗ ಅದು ಒಂದು ತುದಿಯಲ್ಲಿ ನಿಂತುಬಿಟ್ಟಿತು. ಕೆಂಪು ದೀಪ ಹತ್ತಿತು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳು ಮೂಡಿದವು. ಫೋರ್‌ಮನ್ ಇರಲಿಲ್ಲ. ಪಕ್ಕದ ಯಂತ್ರದವನೊಬ್ಬನು, “ಲಿಮಿಟ್ ಸ್ವಿಚ್ಚಿಗೆ ಒಂದು ತಂತಿ ಹಾಕು, ಅಲಾರಂ ಹೋಗುತ್ತದೆ” ಎಂದನು. ಅಲಾರಂ ಹೋಯಿತು. ಆದರೆ ಹುಡುಗ ಒತ್ತಿದ ಗುಂಡಿ ತಪ್ಪು ದಿಕ್ಕಿನದು. ಟೇಬಲು ಹೋಗಿ ಕೊನೆಯ ತಡೆಗೆ ಬಡಿಯಿತು. ಸ್ಕ್ರೂ ಕೆಟ್ಟು ಯಂತ್ರ ಎಂಟು ದಿನ ನಿಂತಿತು. ಯಾರ ಕೈಯೂ ಒಳಗಿರಲಿಲ್ಲವೆಂಬುದೇ ಪುಣ್ಯ.

ಹುಡುಗನ ದುಃಖ ಬೈಸಿಕೊಂಡದ್ದಕ್ಕಲ್ಲ. ತಾನು ಮಾಡಿದ್ದರಲ್ಲಿ ಯಾವುದು ತಪ್ಪೆಂಬುದನ್ನು ಯಾರೂ ಅವನಿಗೆ ಬಿಡಿಸಿ ಹೇಳಿರಲಿಲ್ಲ. ನಮ್ಮ ಎಷ್ಟೋ ಮನೆಗಳ ಮಕ್ಕಳು ಇಂಥ ಯಂತ್ರಗಳ ಮುಂದೆ ನಿಂತು ಅನ್ನ ಗಳಿಸುತ್ತಿರುವುದರಿಂದ ಆ ಮಾತನ್ನು ಇಲ್ಲಿ ನಾಲ್ಕು ಜನರಿಗೂ ತಿಳಿಯುವಂತೆ ಬರೆಯಲು ಯತ್ನಿಸುತ್ತೇವೆ.

ಯಂತ್ರದ ಕೆಲಸ ಕನ್ನಡನಾಡಿನವರಿಗೆ ಹೊಸತೇನಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯ ಸೈಕಲ್ ಅಂಗಡಿಯಿಂದ ಆರಂಭಿಸಿ 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಆ ಮನೆತನದ ಉದ್ಯಮ 1941ರಲ್ಲಿ ಹರಿಹರದಲ್ಲಿ ಲೇಥುಗಳ ತಯಾರಿಕೆಗೆ ಕೈಹಾಕಿತು. 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನ್ನುಗಳ ಕಾರ್ಖಾನೆ ತೆರೆಯಿತು. 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಸ್ಥಾಪನೆಯಾದ ತರುವಾಯ ಪಿಂಪ್ರಿ-ಚಿಂಚವಾಡ, ಭೋಸರಿಗಳಲ್ಲಿಯೂ ಮುಂದೆ ಚಾಕಣದಲ್ಲಿಯೂ ಕಾರ್ಖಾನೆಗಳು ಬೆಳೆದು, ನಮ್ಮ ಕಡೆಯ ತರುಣರನ್ನು ಕರೆಯುತ್ತ ಬಂದವು.

ಹಳೆಯ ಲೇಥಿನಲ್ಲಿ ಮೇರೆಯನ್ನು ಕಾಯುತ್ತಿದ್ದುದು ಕೆಲಸಗಾರನ ಕಣ್ಣು. ಟೂಲು ತಿರುಗುವ ಚಕ್ಕಿನ ಹತ್ತಿರ ಬಂದಿತೆಂದರೆ ಅವನ ಕೈ ತಾನಾಗಿ ಹಿಡಿಯ ಮೇಲೆ ಹೋಗುತ್ತಿತ್ತು. ಅಮೆರಿಕದ ಮಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯವರು 1952ರಲ್ಲಿ ಸಂಖ್ಯೆಗಳ ಆಜ್ಞೆಯಿಂದಲೇ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಪ್ರದರ್ಶಿಸಿದರು. ಮುಂದೆ ಆ ಸಂಖ್ಯೆಗಳನ್ನು ಕಂಪ್ಯೂಟರು ನೋಡಿಕೊಳ್ಳತೊಡಗಿದ್ದರಿಂದ ಸಿ.ಎನ್.ಸಿ. ಎಂಬ ಹೆಸರು ಬಂದಿತು. ಅಂದಿನಿಂದ ಮೇರೆ ಕಾಯುವ ಕೆಲಸ ಬಹುಮಟ್ಟಿಗೆ ಯಂತ್ರಕ್ಕೇ ಸೇರಿತು.

ಮೇರೆ ಯಾವುದಕ್ಕೆ? ಯಂತ್ರದ ಟೇಬಲು ಎಡಬಲಕ್ಕೆ, ಹಿಂದುಮುಂದಕ್ಕೆ ಸರಿಯುತ್ತದೆ. ಟೂಲು ಮೇಲೆಕೆಳಗೆ ಹೋಗುತ್ತದೆ. ಈ ಒಂದೊಂದು ದಾರಿಯನ್ನೂ ಆಕ್ಸಿಸ್ ಎನ್ನುತ್ತಾರೆ. ಎಕ್ಸ್, ವೈ, ಜೆಡ್ ಎಂದು ಹೆಸರು. ಮೋಟಾರು ಉದ್ದನೆಯ ಸ್ಕ್ರೂವನ್ನು ತಿರುಗಿಸುತ್ತದೆ, ಸ್ಕ್ರೂ ಟೇಬಲನ್ನು ಎಳೆಯುತ್ತದೆ. ಸ್ಕ್ರೂವಿಗೆ ಉದ್ದವಿದ್ದಷ್ಟೇ ದಾರಿ. ಈಗಿನ ಯಂತ್ರಗಳಲ್ಲಿ ಟೇಬಲು ನಿಮಿಷಕ್ಕೆ 30 ಮೀಟರ್ ಓಡುವುದು ಸಾಮಾನ್ಯ. ಎಂದರೆ ಸೆಕೆಂಡಿಗೆ ಅರ್ಧ ಮೀಟರ್. ಎಷ್ಟೋ ಕಿಲೋ ಭಾರದ ಕಬ್ಬಿಣ ಈ ವೇಗದಲ್ಲಿ ತುದಿಗೆ ಬಡಿದರೆ ಏನಾದೀತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಆದುದರಿಂದ ಯಂತ್ರ ಮಾಡಿದವರು ದಾರಿಯ ಎರಡು ತುದಿಗಳಿಗೂ ಒಂದರ ಹಿಂದೊಂದರಂತೆ ಮೂರು ಬೇಲಿಗಳನ್ನು ಹಾಕಿರುತ್ತಾರೆ.

ಮೊದಲನೆಯದು ಲೆಕ್ಕದ ಬೇಲಿ. ಕಣ್ಣಿಗೆ ಕಾಣುವುದಿಲ್ಲ; ಶಾನುಭೋಗರ ದಫ್ತರದಲ್ಲಿ ಹೊಲದ ಗಡಿ ಬರೆದಿರುವ ಹಾಗೆ ಯಂತ್ರದ ನೆನಪಿನಲ್ಲಿ ಎರಡು ಅಂಕೆಗಳಾಗಿ ಇರುತ್ತದೆ. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ ಫ್ಯಾನುಕ್ ಕಂಟ್ರೋಲಿನಲ್ಲಿ ಇವು 1320 ಮತ್ತು 1321ನೆಯ ಪ್ಯಾರಾಮೀಟರುಗಳು. ಟೇಬಲು ಈ ಗಡಿಗೆ ಬಂದರೆ ಪ್ಲಸ್ ದಿಕ್ಕಿಗೆ 500, ಮೈನಸ್ ದಿಕ್ಕಿಗೆ 501 ಎಂಬ ಅಲಾರಂ ಬರುತ್ತದೆ. ಎರಡನೆಯದು ಮುಟ್ಟಿ ತಿಳಿಯುವ ಬೇಲಿ, ಅದೇ ಲಿಮಿಟ್ ಸ್ವಿಚ್ಚು. ಟೇಬಲಿಗೆ ಕೂಡಿಸಿದ ಲೋಹದ ತುಂಡು ಸ್ವಿಚ್ಚನ್ನು ಒತ್ತಿದೊಡನೆ ಯಂತ್ರ ನಿಲ್ಲುತ್ತದೆ. ಅಲಾರಂ 506 ಅಥವಾ 507. ಮೂರನೆಯದು ಕಲ್ಲುಗೋಡೆಯಂಥ ಕೊನೆಯ ತಡೆ. ಅದಕ್ಕೆ ಅಲಾರಮ್ಮಿಲ್ಲ, ಬಡಿದ ಸದ್ದೇ ಅದರ ಅಲಾರಂ. ಈಚಿನ ಕೆಲವು ಯಂತ್ರಗಳಲ್ಲಿ ನಡುವಿನ ಸ್ವಿಚ್ಚನ್ನು ಇಡುವುದಿಲ್ಲ. ಅಲ್ಲಿ ಲೆಕ್ಕದ ಬೇಲಿಯ ಜವಾಬ್ದಾರಿ ಇನ್ನೂ ಹೆಚ್ಚು.

ಲೆಕ್ಕದ ಬೇಲಿಯನ್ನು ಮುಟ್ಟುವುದಕ್ಕೆ ಬಹುತೇಕ ಕಾರಣ ಮನುಷ್ಯನ ಕೈತಪ್ಪು. ಒಂದು ಉದಾಹರಣೆ ನೋಡೋಣ. ಟೇಬಲಿನ ಎಕ್ಸ್ ದಾರಿ 800 ಮಿಲಿಮೀಟರ್. ಯಂತ್ರದ ಲೆಕ್ಕದಲ್ಲಿ ಅದು 0ಯಿಂದ ಮೈನಸ್ 800ರ ತನಕ ಇದೆಯೆನ್ನಿ. ಜಾಬನ್ನು ಕಟ್ಟಿದ ಜಾಗ ಮೈನಸ್ 400. ಸೆಟ್ಟರನು ಇದನ್ನೇ ಜಿ 54 ಎಂಬ ಆಫ್‌ಸೆಟ್ಟಿನಲ್ಲಿ ಬರೆಯುತ್ತಾನೆ. ಪ್ರೋಗ್ರಾಮು ಅಲ್ಲಿಂದ 200 ಮುಂದೆ ಹೋಗೆಂದರೆ ಟೇಬಲು ಮೈನಸ್ 200ಕ್ಕೆ ಹೋಗಬೇಕು. ದಾರಿಯ ಒಳಗೇ ಇದೆ, ಬಾಧಕವಿಲ್ಲ. ಆದರೆ ಬರೆಯುವಾಗ ಒಂದು ಸೊನ್ನೆ ಬಿಟ್ಟು ಮೈನಸ್ 40 ಎಂದಾಯಿತೆನ್ನಿ. ಈಗ ಅದೇ ಪ್ರೋಗ್ರಾಮು ಪ್ಲಸ್ 160ಕ್ಕೆ ಹೋಗೆನ್ನುತ್ತದೆ. ಅಲ್ಲಿ ದಾರಿಯೇ ಇಲ್ಲ! 500ನೆಯ ಅಲಾರಂ ಬಂದು ಯಂತ್ರ ನಿಲ್ಲುತ್ತದೆ. ಯಂತ್ರ ಕೆಟ್ಟಿಲ್ಲ; “ನೀನು ಹೇಳಿದ ಜಾಗ ನನ್ನಲ್ಲಿಲ್ಲ” ಎಂದು ಹೇಳುತ್ತಿದೆ, ಅಷ್ಟೆ.

ಹಾಗಾದರೆ ನಮ್ಮ ಹುಡುಗನ ಯಂತ್ರವನ್ನು ಲೆಕ್ಕದ ಬೇಲಿ ಏಕೆ ತಡೆಯಲಿಲ್ಲ? ಅದು ಹಳೆಯ ಮಾದರಿಯ ಯಂತ್ರ. ವಿದ್ಯುತ್ತು ಹೋದರೆ ತಾನೆಲ್ಲಿದ್ದೇನೆಂಬುದನ್ನು ಅದು ಮರೆಯುತ್ತದೆ. ಚಾಲೂ ಮಾಡಿದ ಮೇಲೆ ಪ್ರತಿಯೊಂದು ಆಕ್ಸಿಸನ್ನೂ ‘ಹೋಮ್’ ಎಂಬ ಗುರುತಿನ ಸ್ಥಾನಕ್ಕೆ ಕೊಂಡೊಯ್ದರೆ ಮಾತ್ರ ಲೆಕ್ಕ ಮರಳಿ ಬರುತ್ತದೆ, ಅಲ್ಲಿಯವರೆಗೆ ಮೊದಲನೆಯ ಬೇಲಿ ಇದ್ದೂ ಇಲ್ಲದಂತೆ. ಹೊಸ ಯಂತ್ರಗಳು ಬ್ಯಾಟರಿಯ ಬಲದಿಂದ ನೆನಪಿಟ್ಟುಕೊಳ್ಳುತ್ತವೆ. ಬ್ಯಾಟರಿ ಸತ್ತರೆ ಅವಕ್ಕೂ ಇದೇ ಗತಿ. ಹುಡುಗ ಹೋಮ್ ಮಾಡದೆ ಟೇಬಲನ್ನು ಸರಿಸಿದ. ಎರಡನೆಯ ಬೇಲಿ ತಡೆಯಿತು. ತಂತಿ ಹಾಕಿ ಅದನ್ನೂ ಕಿತ್ತ ಮೇಲೆ ಗೋಡೆಯೊಂದೇ ಉಳಿಯಿತು.

ಅಲಾರಂ ಬಂದಾಗ ಮಾಡಬೇಕಾದುದು ಕಷ್ಟದ್ದಲ್ಲ. ಮೊದಲು ಕೈಗಳನ್ನು ಗುಂಡಿಗಳಿಂದ ದೂರವಿಟ್ಟು ಪರದೆಯನ್ನು ಓದಬೇಕು. ಸಂಖ್ಯೆ ಯಾವುದು, ಆಕ್ಸಿಸ್ ಯಾವುದು, ಚಿಹ್ನೆ ಪ್ಲಸ್ಸೋ ಮೈನಸ್ಸೋ? ಆಮೇಲೆ ಗಾಜಿನೊಳಗಿಂದ ನೋಡಬೇಕು. ಟೂಲು ಜಾಬಿನೊಳಗೆ ಸಿಕ್ಕಿದ್ದರೆ ಅಡ್ಡಕ್ಕೆ ಎಳೆಯಕೂಡದು, ತಿಳಿದವರನ್ನು ಕರೆಯಬೇಕು. ದಾರಿ ಬಿಡುವಾಗಿದ್ದರೆ ಹ್ಯಾಂಡಲ್ ಮೋಡಿಗೆ ಹಾಕಿ, ಅತಿ ಸಣ್ಣ ಹೆಜ್ಜೆಯನ್ನಾರಿಸಿ, ಅಲಾರಮ್ಮಿನ ಚಿಹ್ನೆಗೆ ವಿರುದ್ಧ ದಿಕ್ಕಿನಲ್ಲಿ ಮೆಲ್ಲನೆ ಹೊರತಂದು ರಿಸೆಟ್ ಒತ್ತಬೇಕು. ಪ್ಲಸ್ ಎಂದಿದ್ದರೆ ಮೈನಸ್ಸಿಗೆ, ಮೈನಸ್ ಎಂದಿದ್ದರೆ ಪ್ಲಸ್ಸಿಗೆ. ಲಿಮಿಟ್ ಸ್ವಿಚ್ಚಿನ ಅಲಾರಮ್ಮಿಗೆ ಅನೇಕ ಯಂತ್ರಗಳಲ್ಲಿ ಪ್ರತ್ಯೇಕವಾದ ಬಿಡುಗಡೆಯ ಗುಂಡಿಯಿರುತ್ತದೆ. ಅದನ್ನು ಒತ್ತಿ ಹಿಡಿದುಕೊಂಡೇ ಹೊರತರಬೇಕು. ಆ ಕ್ಷಣದಲ್ಲಿ ಬೇಲಿ ತೆರೆದಿರುವುದರಿಂದ ದಿಕ್ಕಿನ ವಿಷಯದಲ್ಲಿ ಎರಡು ಪಟ್ಟು ಎಚ್ಚರ ಬೇಕು. ಕಾರಣ ಸಿಕ್ಕುವ ತನಕ ಪ್ರೋಗ್ರಾಮನ್ನು ಮತ್ತೆ ಓಡಿಸತಕ್ಕದ್ದಲ್ಲ.

ಇನ್ನು ತಂತಿಯ ಮಾತು. ಲಿಮಿಟ್ ಸ್ವಿಚ್ಚಿನಲ್ಲಿ ಯಾವಾಗಲೂ ಸ್ವಲ್ಪ ವಿದ್ಯುತ್ತು ಹರಿಯುತ್ತಿರುತ್ತದೆ. ಒತ್ತಿದಾಗ ಅದು ಕಡಿಯುತ್ತದೆ, ಯಂತ್ರ ನಿಲ್ಲುತ್ತದೆ. ಇದರಲ್ಲಿ ಒಂದು ಜಾಣತನವಿದೆ. ಇಲಿ ವೈರು ಕಡಿದರೂ, ಜೋಡಣೆ ಸಡಿಲಾದರೂ ಹರಿವು ನಿಂತು ಅಲಾರಂ ಬರುತ್ತದೆ. ಕಾವಲುಗಾರನು ಸತ್ತರೂ ಸುದ್ದಿ ಮುಟ್ಟುವ ವ್ಯವಸ್ಥೆ ಇದು. ಚಿಪ್ಸು, ಕೂಲಂಟ್ ಸೇರಿ ಸ್ವಿಚ್ಚು ಅಂಟಿಕೊಂಡಾಗ ಸುಮ್ಮಸುಮ್ಮನೆ ಅಲಾರಂ ಬರುವುದೂ ಉಂಟು. ಆಗ ಮೇಂಟೆನೆನ್ಸಿನವರು ವಿದ್ಯುತ್ತನ್ನು ಕಡಿದು ಸ್ವಿಚ್ಚನ್ನು ತೊಳೆಯಬೇಕು, ಇಲ್ಲವೇ ಬದಲಿಸಬೇಕು. ತಂತಿ ಹಾಕಿದರೆ ಅಂಟಿದ ಸ್ವಿಚ್ಚಿನ ಅಲಾರಮ್ಮೂ ಹೋಗುತ್ತದೆ, ನಿಜವಾದ ಅಪಾಯದ ಅಲಾರಮ್ಮೂ ಹೋಗುತ್ತದೆ. ಪ್ಯಾರಾಮೀಟರಿನ ಅಂಕೆ ಬದಲಿಸಿ ಗಡಿಯನ್ನು ಆಚೆಗೆ ಒತ್ತುವುದೂ ಇದೇ ಜಾತಿಯ ಕೆಲಸ. ಸಿಕ್ಕುವ ಲಾಭ ಹತ್ತು ನಿಮಿಷ. ನಾಳೆ ಆ ಯಂತ್ರದ ಮುಂದೆ ನಿಲ್ಲುವವನಿಗೆ ಬೇಲಿಯಿಲ್ಲವೆಂಬುದೇ ಗೊತ್ತಿರುವುದಿಲ್ಲ.

ಆ ತಾಯಿಗೆ ನಾವು ಹೇಳಿದ ಉತ್ತರ ಇದು: ಟೇಬಲು ತುದಿಗೆ ಹೋದುದು ಹೊಸಬನ ಮರೆವು, ಅದು ಯಾರಿಗೂ ಆಗುವಂಥದು. ತಂತಿ ಹಾಕಿದುದು ತಪ್ಪು. ಆದರೆ ಆ ತಪ್ಪು ಅವನೊಬ್ಬನದಲ್ಲ. ಹೇಳಿಕೊಟ್ಟವನದೂ, ಹೊಸಬನನ್ನು ರಾತ್ರಿ ಒಂಟಿಯಾಗಿ ಬಿಟ್ಟವರದೂ ಹೌದು. ಪರಭಾಷೆಯ ಊರಿನಲ್ಲಿ “ನನಗೆ ತಿಳಿಯದು” ಎನ್ನಲು ನಮ್ಮ ಮಕ್ಕಳು ಸಂಕೋಚಪಡುತ್ತಾರೆ. ‘ಮಲಾ ಮಾಹೀತ ನಾಹೀ’ ಎಂಬ ಮೂರು ಮರಾಠಿ ಶಬ್ದಗಳನ್ನು ಧೈರ್ಯದಿಂದ ಆಡಲು ಮನೆಯ ಹಿರಿಯರು ಅವರಿಗೆ ಕಲಿಸಲಿ. ಕೆಲಸ ಹೋದರೆ ಇನ್ನೊಂದು ಸಿಕ್ಕೀತು, ಕೈ ಹೋದರೆ ಸಿಕ್ಕದು.

ಹುಡುಗ ಈಗ ಅದೇ ಯಂತ್ರದ ಮೇಲಿದ್ದಾನೆ. ಚಾಲೂ ಮಾಡಿದ ಕೂಡಲೆ ಮೊದಲು ಹೋಮ್ ಮಾಡುತ್ತಾನಂತೆ. ಊಟವನ್ನೂ ಸರಿಯಾಗಿ ಮಾಡುತ್ತಿದ್ದಾನೆಂದು ಅವನ ದೊಡ್ಡಮ್ಮ ತಿಳಿಸಿದ್ದಾರೆ.