ಮಾದರಿ ರಾಕೆಟ್ಟಿನ ರೆಕ್ಕೆ: ಬಲವಿರುವುದು ಮರದ ಎಳೆಯಲ್ಲಿ

ಶಿಕಾರಿಪುರ, ಸೊರಬಗಳನ್ನು ಒಳಗೊಂಡ ಶಿವಮೊಗ್ಗ ಜಿಲ್ಲೆಗೆ ರಾಕೆಟ್ ಹೊಸ ವಸ್ತುವೇನಲ್ಲ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಪಾಳುಬಾವಿಯೊಂದರಲ್ಲಿ ಟಿಪ್ಪು ಕಾಲದ್ದೆನ್ನಲಾದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ದೊರೆತವು. ಮೈಸೂರಿನ ರಾಕೆಟ್ಟುಗಳಿಗೆ ರೆಕ್ಕೆ ಇರಲಿಲ್ಲ. ಜೊತೆಗೆ ಕಟ್ಟಿದ ಉದ್ದನೆಯ ಬಿದಿರಿನ ಗಳವೇ ದಿಕ್ಕು ಕಾಯುತ್ತಿತ್ತು. ಇಂದಿನ ಮಾದರಿ ರಾಕೆಟ್ಟಿನಲ್ಲಿ ಆ ಹೊಣೆ ಬುಡಕ್ಕೆ ಅಂಟಿಸಿದ ಮೂರು ಅಥವಾ ನಾಲ್ಕು ರೆಕ್ಕೆಗಳದು. ಅವುಗಳಲ್ಲಿ ಒಂದು ಕಿತ್ತರೂ ರಾಕೆಟ್ಟು ನೋಡುಗರತ್ತಲೇ ತಿರುಗಬಹುದು.

ರೆಕ್ಕೆಗೆ ಬಾಲ್ಸಾ ಮರವನ್ನು ಆಯ್ದುಕೊಳ್ಳಲು ಕಾರಣ ಅದರ ಹಗುರತನ. ದಕ್ಷಿಣ ಅಮೆರಿಕ ಮೂಲದ ಈ ಮರ ಘನ ಮೀಟರಿಗೆ ಸುಮಾರು 160 ಕಿಲೋ ತೂಗಿದರೆ, ನಮ್ಮ ತೇಗ ಅದರ ನಾಲ್ಕು ಪಟ್ಟು ತೂಗುತ್ತದೆ. ಬುಡ ಭಾರವಾದಷ್ಟೂ ಗುರುತ್ವ ಕೇಂದ್ರ ಹಿಂದೆ ಸರಿಯುತ್ತದೆ. ಅದು ಗಾಳಿಯ ಒತ್ತಡದ ಕೇಂದ್ರಕ್ಕಿಂತ ಕನಿಷ್ಠ ಒಂದು ಕೊಳವೆ ವ್ಯಾಸದಷ್ಟು ಮುಂದಿರದಿದ್ದರೆ ಹಾರಾಟ ನೇರವಾಗದು. ಬಾಸಿಂಗ ಮಾಡುವ ಬೆಂಡು ಇನ್ನೂ ಹಗುರವೇನೋ ಹೌದು, ಆದರೆ ಅದರಲ್ಲಿ ಮರದ ಎಳೆಯ ಬಿಗಿ ಇಲ್ಲ.

ಗುಟ್ಟೆಲ್ಲ ಆ ಎಳೆಯಲ್ಲಿದೆ. ಉಳಿ ಇಡುವ ಮುನ್ನ ಎಳೆ ನೋಡಬೇಕೆಂಬುದು ಸೊರಬ, ಸಾಗರಗಳ ಗುಡಿಗಾರರಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ರೆಕ್ಕೆಯಲ್ಲಿ ಎಳೆಯು ಗಾಳಿಯನ್ನು ಸೀಳುವ ಮುಂದಿನ ಅಂಚಿಗೆ ಸಮಾನಾಂತರವಾಗಿ, ಕೊಳವೆಯಿಂದ ಹೊರಮುಖವಾಗಿ ಸಾಗಬೇಕು. ಹಲಗೆ ಉಳಿಸುವ ಆಸೆಯಿಂದ ಎಳೆಯನ್ನು ಕೊಳವೆಯ ಉದ್ದಕ್ಕೆ ಇಟ್ಟು ಕತ್ತರಿಸಿದರೆ, ರೆಕ್ಕೆ ಬುಡದಲ್ಲೇ ಹಪ್ಪಳದಂತೆ ಮುರಿಯುತ್ತದೆ. ದಪ್ಪ ಹೆಚ್ಚಿಸಿ ಈ ತಪ್ಪನ್ನು ಮುಚ್ಚಲಾಗದು. ಸಣ್ಣ ರಾಕೆಟ್ಟಿಗೆ ಎರಡೂವರೆಯಿಂದ ಮೂರು ಮಿಲಿಮೀಟರ್ ದಪ್ಪ ಸಾಕು.

ಮುಂದಿನ ಅಂಚನ್ನು ಮರಳುಕಾಗದದಿಂದ ದುಂಡಾಗಿಸಿ, ಹಿಂದಿನದನ್ನು ತೆಳುವಾಗಿಸಬೇಕು. ಅಂಟುವ ಅಂಚು ಮಾತ್ರ ಚಪ್ಪಟೆಯಾಗಿಯೇ ಇರಲಿ. ಇನ್ನಷ್ಟು ಬಲ ಬೇಕಿದ್ದರೆ ತೆಳುಕಾಗದವನ್ನು ಎರಡೂ ಬದಿಗೆ ಒಟ್ಟಿಗೇ ಅಂಟಿಸಿ ಭಾರದಡಿ ಒಣಗಿಸಬೇಕು. ಒಂದೇ ಬದಿಗೆ ಅಂಟಿಸಿದರೆ ರೆಕ್ಕೆ ಸೊಟ್ಟಗಾಗುತ್ತದೆ.

ಕೊಳವೆಯ ನುಣುಪನ್ನು ಮೊದಲು ಉಜ್ಜಿ ತೆಗೆಯುವುದು ಅಗತ್ಯ. ಮರಗೆಲಸದ ಬಿಳಿ ಅಂಟನ್ನು ಕೊಳವೆಗೂ ರೆಕ್ಕೆಯ ಅಂಚಿಗೂ ತೆಳುವಾಗಿ ಸವರಿ ಒಣಗಲು ಬಿಟ್ಟು, ಮತ್ತೆ ಸವರಿ ಕೂಡಿಸಬೇಕು. ಮೊದಲ ಪದರ ಮರದೊಳಕ್ಕೆ ಇಳಿಯುವುದರಿಂದ ಎರಡನೆಯದು ಗಟ್ಟಿಯಾಗಿ ಕಚ್ಚುತ್ತದೆ. ಬಳಿಕ ಸಂದಿಯುದ್ದಕ್ಕೂ ಅಂಟನ್ನು ಬೆರಳಿನಿಂದ ಎಳೆದು ಒಳಬಾಗಿದ ಅಂಚುಕಟ್ಟು ಮಾಡಿದರೆ ಕೀಲು ಭದ್ರ.

ಎಂಜಿನ್ ವಿಷಯದಲ್ಲಿ ಮಾತ್ರ ಕೈಚಳಕ ಸಲ್ಲದು. ಮನೆಯಲ್ಲಿ ಮದ್ದು ತುಂಬುವುದು ಪ್ರಾಣಾಪಾಯಕಾರಿ, ಕಾನೂನುಬಾಹಿರ ಕೂಡ. ಕಾರ್ಖಾನೆಯಲ್ಲಿ ತಯಾರಾದ ಎಂಜಿನ್ನನ್ನು ಬಲ್ಲವರ ಮೇಲ್ವಿಚಾರಣೆಯಲ್ಲಿ, ಒಣಹುಲ್ಲು ಇಲ್ಲದ ಬಯಲಿನಲ್ಲಷ್ಟೇ ಬಳಸಬೇಕು. ಕೊಯ್ಲಾದ ಗದ್ದೆ ವಿಶಾಲವೆಂದು ಕಂಡರೂ ಅಲ್ಲಿನ ಒಣಗಿದ ಕೂಳೆಗೆ ಒಂದು ಕಿಡಿ ಸಾಕು. ಹೊರಡುವ ಮುನ್ನ ಪ್ರತಿ ರೆಕ್ಕೆಯ ತುದಿಯನ್ನು ಮೆಲ್ಲಗೆ ಒತ್ತಿ ನೋಡಬೇಕು. ಚಟ್ ಎಂಬ ಸದ್ದು ಬಂದರೆ ಅಂದಿನ ಹಾರಾಟವನ್ನು ಕೈಬಿಡಬೇಕು.