ಮುಖದ ಮೇಲೆ ಎಳ್ಳು ಚೆಲ್ಲಿದವರಾರು?

ಸಂಕ್ರಮಣ ಬಂತೆಂದರೆ ನಮ್ಮ ಕಡೆಯ ಮನೆಗಳಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಪ್ಪುವುದಿಲ್ಲ. ಆ ರೊಟ್ಟಿಯ ಹೆಸರು ವರ್ಷದ ಉಳಿದ ದಿನಗಳಲ್ಲಿ ಕೆಲವು ಮಕ್ಕಳ ಪಾಲಿಗೆ ಕಾಟವಾಗುತ್ತದೆ. ಮೂಗು, ಗಲ್ಲಗಳ ಮೇಲೆ ಸಣ್ಣ ಕಂದು ಚುಕ್ಕೆಗಳಿರುವ ಹುಡುಗನನ್ನೋ ಹುಡುಗಿಯನ್ನೋ ಜೊತೆಯವರು ‘ಏ ಎಳ್ಳರೊಟ್ಟಿ’ ಎಂದು ಕರೆಯುವುದನ್ನು ಶಾಲೆಯ ಅಂಗಳದಲ್ಲಿ ನಾನು ಎಷ್ಟೋ ಸಲ ಕೇಳಿದ್ದೇನೆ. ಕರೆಯುವವರಿಗೆ ಅದು ತಮಾಷೆ. ಕರೆಸಿಕೊಂಡ ಮಗು ಮರುದಿನದಿಂದ ಮುಖದ ತುಂಬ ಪೌಡರ್ ಬಳಿದುಕೊಂಡು ಬರುತ್ತದೆ, ಇಲ್ಲವೇ ಫೋಟೋ ತೆಗೆಯುವ ದಿನ ಹಿಂದಿನ ಸಾಲಿಗೆ ಸರಿಯುತ್ತದೆ. ಹುಡುಗಿಯಾದರೆ ಮನೆಯಲ್ಲಿ ಇನ್ನೊಂದು ಮಾತು ಸೇರಿಕೊಳ್ಳುತ್ತದೆ: ‘ನಾಳೆ ಕನ್ಯಾ ನೋಡಾಕ ಬಂದವರು ಏನಂದಾರು?’

ಇಂಗ್ಲಿಷಿನವರು ‘ಫ್ರೆಕಲ್ಸ್’ ಎನ್ನುವ ಈ ಚುಕ್ಕೆಗಳಿಗೆ ನಮ್ಮಲ್ಲಿ ಎಲ್ಲರೂ ಒಪ್ಪಿದ ಒಂದು ಹೆಸರಿಲ್ಲ. ಮಚ್ಚೆ, ಬಂಗು, ನಿಪ್ಪಾಣಿ ಕಡೆಯ ಮರಾಠಿ ಬೆರೆತ ಮಾತಿನಲ್ಲಿ ತೀಳ, ವಾಂಗ, ಹೀಗೆ ಬಾಯಿಗೆ ಬಂದದ್ದೇ ಹೆಸರು. ಜರ್ಮನ್ನರು ಇವನ್ನು ‘ಬೇಸಿಗೆಯ ಮೊಳಕೆ’ ಎನ್ನುತ್ತಾರೆ. ಚೀನೀಯರಿಗೆ ಇವು ‘ಗುಬ್ಬಚ್ಚಿಯ ಚುಕ್ಕೆ’. ನಮ್ಮ ಸುಶ್ರುತ ಸಂಹಿತೆ ವ್ಯಂಗ, ನ್ಯಚ್ಛ, ತಿಲಕಾಲಕ ಎಂದು ಮೈಮೇಲಿನ ಕಲೆಗಳನ್ನು ಬೇರೆ ಬೇರೆಯಾಗಿ ಗುರುತಿಸಿ, ಎಲ್ಲವನ್ನೂ ‘ಕ್ಷುದ್ರರೋಗ’ಗಳ, ಅಂದರೆ ಚಿಕ್ಕಪುಟ್ಟ ತೊಂದರೆಗಳ ಪಟ್ಟಿಗೆ ಸೇರಿಸಿದೆ. ಈ ಲೇಖನದ ಮಟ್ಟಿಗೆ ನಾವು ಇವನ್ನು ಎಳ್ಳುಚುಕ್ಕೆ ಎಂದೇ ಕರೆಯೋಣ.

ಚರ್ಮದ ಹೊರಪದರದ ತಳದಲ್ಲಿ ಮೆಲನಿನ್ ಎಂಬ ಬಣ್ಣವನ್ನು ತಯಾರಿಸುವ ಜೀವಕೋಶಗಳಿವೆ. ಉಗಾರದ ಸಕ್ಕರೆ ಕಾರ್ಖಾನೆಯಿಂದ ಸುತ್ತಲಿನ ಊರುಗಳಿಗೆ ಸಕ್ಕರೆ ಹೋಗುವಂತೆ, ಇಂಥ ಒಂದೊಂದು ಕೋಶದಿಂದ ಸುತ್ತಲಿನ ಮೂವತ್ತಕ್ಕೂ ಹೆಚ್ಚು ಚರ್ಮಕೋಶಗಳಿಗೆ ಬಣ್ಣ ಸರಬರಾಜಾಗುತ್ತದೆ. ಅಲ್ಲಿ ಅದು ಕೋಶದ ನ್ಯೂಕ್ಲಿಯಸ್ಸಿನ ಮೇಲೆ ಕೊಡೆಯಂತೆ ಕವಿದು, ಬಿಸಿಲಿನ ಅತಿನೇರಳೆ ಕಿರಣಗಳಿಂದ ಡಿ.ಎನ್.ಎ.ಯನ್ನು ಕಾಯುತ್ತದೆ. ಒಂದು ಸ್ವಾರಸ್ಯ ಗಮನಿಸಿ: ಕಪ್ಪು ಬಣ್ಣದವರಲ್ಲಾಗಲಿ ಬಿಳಿ ಬಣ್ಣದವರಲ್ಲಾಗಲಿ ಈ ಕಾರ್ಖಾನೆಗಳ ಸಂಖ್ಯೆ ಸುಮಾರಾಗಿ ಒಂದೇ. ವ್ಯತ್ಯಾಸ ಇರುವುದು ಉತ್ಪಾದನೆಯಲ್ಲಿ ಮತ್ತು ಮಾಲಿನ ಬಗೆಯಲ್ಲಿ. ಎಳ್ಳುಚುಕ್ಕೆ ಇರುವ ಕಡೆಯೂ ಕಾರ್ಖಾನೆ ಹೆಚ್ಚಿರುವುದಿಲ್ಲ. ಅಲ್ಲಿನವು ಬಿಸಿಲು ಬಿದ್ದೊಡನೆ ನೆರೆಯವಕ್ಕಿಂತ ಜೋರಾಗಿ ಕೆಲಸಕ್ಕೆ ಇಳಿಯುತ್ತವೆ, ಅಷ್ಟೆ.

ಕಬ್ಬು ಅರೆಯುವುದಕ್ಕೆ ಹಂಗಾಮು ಇರುವಂತೆ ಎಳ್ಳುಚುಕ್ಕೆಗೂ ಹಂಗಾಮು ಉಂಟು. ಬೇಸಿಗೆಯಲ್ಲಿ ಕಪ್ಪಾಗುತ್ತದೆ, ಚಳಿಗಾಲದಲ್ಲಿ ಮಸುಕಾಗುತ್ತದೆ. ಎರಡು ಮೂರು ವರ್ಷದ ನಂತರ ಕಾಣಿಸಿಕೊಂಡು, ಹರೆಯದಲ್ಲಿ ಎದ್ದು ತೋರಿ, ವಯಸ್ಸಾದಂತೆ ಎಷ್ಟೋ ಜನರಲ್ಲಿ ತಾನಾಗಿ ತಗ್ಗುತ್ತದೆ. ಅದು ಮೂಗು, ಗಲ್ಲ, ಮುಂಗೈಗಳಲ್ಲಿ ಇರುತ್ತದೆಯೇ ಹೊರತು ಬಟ್ಟೆ ಮುಚ್ಚಿದ ಹೊಟ್ಟೆಯ ಮೇಲೆ ಇರುವುದಿಲ್ಲ. ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ ಇರುವುದು ಸುಮಾರು ಹದಿನಾರೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ವರ್ಷದಲ್ಲಿ ಎರಡು ಸಲ, ಮೇ ಮೊದಲ ವಾರದಲ್ಲೊಮ್ಮೆ ಮತ್ತು ಆಗಸ್ಟ್ ಎರಡನೆಯ ವಾರದ ಹೊತ್ತಿಗೆ ಇನ್ನೊಮ್ಮೆ, ಸೂರ್ಯ ಇಲ್ಲಿ ನೇರ ನೆತ್ತಿಯ ಮೇಲೆ ಬರುತ್ತಾನೆ. ಆ ದಿನಗಳಲ್ಲಿ ಮಧ್ಯಾಹ್ನ 12-30ರ ಸುಮಾರಿಗೆ ಅಂಗಳದಲ್ಲಿ ನೆಟ್ಟಗೆ ಒಂದು ಕೋಲು ನಿಲ್ಲಿಸಿ ನೋಡಿ. ನೆರಳು ಬುಡದಲ್ಲೇ ಅಡಗಿರುತ್ತದೆ. ಇಂಥ ಬಿಸಿಲಿಗೆ ನಮ್ಮ ಹಿರಿಯರು ಕಂಡುಕೊಂಡ ರುಮಾಲು ಮತ್ತು ತಲೆಯ ಮೇಲಿನ ಸೆರಗು ಯಾವ ಕ್ರೀಮಿಗೂ ಕಡಿಮೆಯಲ್ಲ.

ಎಲ್ಲ ಕಲೆಯೂ ಎಳ್ಳುಚುಕ್ಕೆಯಲ್ಲ. ಬಸಿರು-ಬಾಣಂತನದ ಹೊತ್ತಿನಲ್ಲಿ ಗಲ್ಲದ ಮೇಲೆ ಹರಡುವ ಬಂಗಿಗೆ ಬಿಸಿಲಿನ ಜೊತೆ ಹಾರ್ಮೋನುಗಳೂ ಕಾರಣ. ಉಬ್ಬಿದ ಕರಿ ಮಚ್ಚೆಯ ಜಾತಿಯೇ ಬೇರೆ.

ಕ್ರೀಮಿನ ಕಥೆ

ಹೆದರಬೇಕಾದದ್ದು ಈ ಚುಕ್ಕೆಗಳಿಗಲ್ಲ, ಅವನ್ನು ತೆಗೆಯಲು ಹಚ್ಚುವ ವಸ್ತುಗಳಿಗೆ. 1975ರಲ್ಲಿ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ 2020ರಲ್ಲಿ ‘ಫೇರ್’ ಎಂಬ ಪದವನ್ನು ಕೈಬಿಟ್ಟು ‘ಗ್ಲೋ ಅಂಡ್ ಲವ್ಲಿ’ ಆಯಿತು. ಹೆಸರು ಬದಲಾದರೂ ಬೆಳ್ಳಗಾಗುವ ಹಂಬಲ ಬದಲಾಗಲಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಔಷಧದ ಅಂಗಡಿಯಲ್ಲಿ ಚೀಟಿ ಇಲ್ಲದೆ ಕೇಳಿ ತರುವ ಸ್ಟೀರಾಯ್ಡ್ ಬೆರೆತ ಟ್ಯೂಬುಗಳದ್ದು. ಮೊದಲ ಹದಿನೈದು ದಿನ ಮುಖ ತಿಳಿಯಾದಂತೆ ಕಾಣುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಕೆಂಪು ನರಗಳು ಕಾಣತೊಡಗುತ್ತವೆ, ಮೊಡವೆ ಏಳುತ್ತದೆ, ಹೆಣ್ಣುಮಕ್ಕಳ ಗಲ್ಲದ ಮೇಲೆ ಕೂದಲು ಬರುತ್ತದೆ. ಬಿಟ್ಟರೆ ಉರಿ, ಬಿಡದಿದ್ದರೆ ಹಾನಿ. ಇಂಥ ಹದಿನಾಲ್ಕು ಸ್ಟೀರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ಆದೇಶ ಮಾಡಿದೆ. ಪಾಲಕರು ಇದನ್ನು ನೆನಪಿಡಬೇಕು. ಮನೆಮದ್ದೆಂದು ನಿಂಬೆರಸ ಸವರಿಕೊಂಡು ಬಿಸಿಲಿಗೆ ಹೋಗುವುದೂ ತಪ್ಪು. ನಿಂಬೆಯ ರಸ ಬಿಸಿಲಿನೊಡನೆ ಸೇರಿ ಚರ್ಮವನ್ನು ಸುಟ್ಟು, ಇದ್ದ ಚುಕ್ಕೆಗಿಂತ ದೊಡ್ಡ ಕಲೆಯನ್ನು ಬಿಟ್ಟುಹೋಗಬಲ್ಲದು.

ಯಾರಿಂದ ಬಂತು?

ಬಿಸಿಲು ಎಲ್ಲರ ಮೇಲೂ ಬೀಳುತ್ತದೆ. ಚುಕ್ಕೆ ಕೆಲವರಿಗೆ ಮಾತ್ರ ಏಕೆ? ಇಲ್ಲಿ ವಂಶದ ಮಾತು ಬರುತ್ತದೆ. ಮೆಲನಿನ್ನಿನಲ್ಲಿ ಕಪ್ಪು-ಕಂದು ಮತ್ತು ಕೆಂಪು-ಹಳದಿ ಎಂದು ಎರಡು ಬಗೆ. ಯಾವುದು ಎಷ್ಟು ತಯಾರಾಗಬೇಕೆಂದು ನಿರ್ಧರಿಸುವುದರಲ್ಲಿ ಹದಿನಾರನೆಯ ವರ್ಣತಂತುವಿನ ಮೇಲಿರುವ ಎಂಸಿ1ಆರ್ ಎಂಬ ಜೀನಿನ ಪಾತ್ರ ದೊಡ್ಡದು. ಕೆಂಪು ಕೂದಲು ಮತ್ತು ಬಿಸಿಲು ತಾಳದ ಬಿಳಿ ಚರ್ಮಕ್ಕೆ ಈ ಜೀನಿನ ಬದಲಾದ ರೂಪಗಳೇ ಕಾರಣವೆಂದು 1995ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ತೋರಿಸಿದರು. ಮುಂದೆ ಎಳ್ಳುಚುಕ್ಕೆಗೂ ಅದರ ನಂಟು ಖಚಿತವಾಯಿತು. ಆದರೆ ಯುರೋಪಿನಲ್ಲಿ ಹೇರಳವಾಗಿರುವ ಆ ರೂಪಗಳು ನಮ್ಮ ದೇಶದಲ್ಲಿ ಅಪರೂಪ. 2004ರಲ್ಲಿ ಚೀನದ ಕುಟುಂಬಗಳಲ್ಲಿ ಹುಡುಕಿದವರಿಗೆ ಎಳ್ಳುಚುಕ್ಕೆಯ ಸುಳಿವು ಸಿಕ್ಕಿದ್ದು ಬೇರೆಯೇ ವರ್ಣತಂತುವಿನಲ್ಲಿ, ನಾಲ್ಕನೆಯದರಲ್ಲಿ. ಅಂದರೆ ಒಂದೇ ಊರಿಗೆ ಹಲವು ದಾರಿ.

ನಮ್ಮ ಗಡಿಭಾಗದಲ್ಲಿ ಜನ ಇದನ್ನು ಇಷ್ಟು ಸರಳವಾಗಿ ಬಿಡುವುದಿಲ್ಲ. ಬೆಕ್ಕಿನ ಕಣ್ಣು, ಅಂದರೆ ಮರಾಠಿಯವರ ‘ಘಾರೆ ಡೋಳೆ’, ತಿಳಿ ಮೈಬಣ್ಣ, ಮೂಗಿನ ಮೇಲೆ ನಾಲ್ಕು ಚುಕ್ಕೆ ಕಂಡರೆ ಸಾಕು, ‘ಇವರು ಮೂಲ ಎಲ್ಲಿಯವರೋ’ ಎಂಬ ಲೆಕ್ಕ ಶುರು. ಕೊಂಕಣಸ್ಥರಿಗೆ, ಅಂದರೆ ಚಿತ್ಪಾವನರಿಗೆ ಈ ಲೆಕ್ಕ ಹೆಚ್ಚಾಗಿ ಅಂಟಿಕೊಂಡಿದೆ. 1713ರಲ್ಲಿ ಬಾಳಾಜಿ ವಿಶ್ವನಾಥ ಪೇಶ್ವೆಯಾದ ಮೇಲೆ ಅವರಲ್ಲಿ ಅನೇಕರು ಘಟ್ಟ ಹತ್ತಿ ಬಂದರು. ಮಿರಜ್, ಸಾಂಗ್ಲಿ, ಕುರುಂದವಾಡ, ಜಮಖಂಡಿಗಳಲ್ಲಿ ಆಳಿದ ಪಟವರ್ಧನರು ಅದೇ ಮೂಲದವರು. ಸಮುದ್ರತೀರಕ್ಕೆ ತೇಲಿಬಂದ ಹೆಣಗಳಿಗೆ ಪರಶುರಾಮ ಜೀವ ಕೊಟ್ಟನೆಂದು ಪುರಾಣ ಹೇಳಿತು. ಆಮೇಲಿನ ಪಂಡಿತರು ಪರ್ಷಿಯಾ, ಗ್ರೀಸ್ ಎಂದು ನಕಾಶೆ ಬಿಡಿಸಿದರು. ಮುಖ ನೋಡಿ ಬಿಡಿಸಿದ ನಕಾಶೆ ಅದು! ಬೆಕ್ಕಿನ ಕಣ್ಣು ಮತ್ತು ಎಳ್ಳುಚುಕ್ಕೆಗಳನ್ನು ನಾನು ನೇಕಾರರ, ರೈತರ, ಚಪ್ಪಲಿ ಹೊಲಿಯುವವರ ಮಕ್ಕಳಲ್ಲಿಯೂ ಕಂಡಿದ್ದೇನೆ.

ಈ ಸಂಗತಿಗೆ ವಿಜ್ಞಾನದ ಬೆಂಬಲವೂ ಇದೆ. ಮೈಬಣ್ಣವನ್ನು ತಿಳಿಯಾಗಿಸುವ ಎಸ್‌ಎಲ್‌ಸಿ24ಎ5 ಎಂಬ ಜೀನಿನ ಗುಟ್ಟು 2005ರಲ್ಲಿ ಜೀಬ್ರಾ ಮೀನಿನಿಂದ ಬಯಲಾಯಿತು. ಹೈದರಾಬಾದಿನ ಸಿ.ಸಿ.ಎಂ.ಬಿ. ವಿಜ್ಞಾನಿಗಳು ಸೇರಿ ನಡೆಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಯುರೋಪಿನವರಲ್ಲೂ ನಮ್ಮವರಲ್ಲೂ ಇರುವ ಆ ಜೀನಿನ ತಿಳಿಬಣ್ಣದ ರೂಪ ಸಾವಿರಾರು ವರ್ಷಗಳ ಹಿಂದಿನ ಒಂದೇ ಮೂಲದಿಂದ ಹರಿದುಬಂದದ್ದೆಂದು ಅದು ತೋರಿಸಿತು. ಈ ರೂಪ ಭಾರತದ ಹಲವಾರು ಸಮುದಾಯಗಳಲ್ಲಿ ಹೆಚ್ಚುಕಡಿಮೆಯಾಗಿ ಹಂಚಿಹೋಗಿದೆ. ಹೀಗಿರುವಾಗ ಬೆಳ್ಳನೆಯ ಮಗು ಯಾವ ಮನೆಯಲ್ಲೂ ಹುಟ್ಟಬಹುದು. ಅದಕ್ಕೆ ಹಡಗು ಒಡೆದು ಬಂದ ಗ್ರೀಕನೂ ಬೇಕಿಲ್ಲ, ತಾಯಿಯ ಮೇಲೆ ಅನುಮಾನವೂ ಬೇಕಿಲ್ಲ.

ಚಿತ್ಪಾವನ ಮನೆತನದಲ್ಲೇ ಹುಟ್ಟಿದ ಇರಾವತಿ ಕರ್ವೆಯವರ (1905–1970) ಉದಾಹರಣೆ ಇಲ್ಲಿ ಹೇಳಲೇಬೇಕು. 1920ರ ದಶಕದ ಕೊನೆಯಲ್ಲಿ ಅವರು ಸಂಶೋಧನೆಗೆಂದು ಬರ್ಲಿನ್ನಿಗೆ ಹೋದರು. ಮಾರ್ಗದರ್ಶಕ ಓಯ್ಗೆನ್ ಫಿಷರ್, ಜನಾಂಗಗಳಲ್ಲಿ ಮೇಲು-ಕೀಳು ಇದೆ ಎಂದು ನಂಬಿದವನು. ಬುರುಡೆಗಳ ಎಡಬಲದ ವ್ಯತ್ಯಾಸವನ್ನು ಅಳೆದು ನೋಡಿದ ಕರ್ವೆಯವರಿಗೆ, ಆ ವ್ಯತ್ಯಾಸಕ್ಕೂ ಜನಾಂಗಕ್ಕೂ ಸಂಬಂಧ ಕಾಣಲಿಲ್ಲ. ಕಾಣಲಿಲ್ಲವೆಂದೇ ಪ್ರಬಂಧದಲ್ಲಿ ಬರೆದರು. ಗುರುವಿನ ನಂಬಿಕೆಯ ಎದುರು ತನ್ನ ಅಳತೆಯನ್ನು ಬಿಟ್ಟುಕೊಡದ ಈ ವಿದ್ಯಾರ್ಥಿನಿಯ ವಿಷಯ ನಮ್ಮ ಪಠ್ಯಪುಸ್ತಕಗಳಲ್ಲಿ ಬರಬೇಕಿತ್ತು.

ಅಜ್ಜಿಯ ಮುಂಗೈ

ಆನುವಂಶೀಯತೆಯ ಪಾಠ ಬಂದಾಗ ಮಕ್ಕಳಿಗೆ ತಮ್ಮ ಮನೆತನದ ವಂಶವೃಕ್ಷ ಬರೆದು ತರಲು ಹೇಳುತ್ತೇನೆ. ಕಿವಿಯ ಹಾಲೆ, ಗುಂಗುರು ಕೂದಲು, ಯಾವುದಾದರೊಂದು ಲಕ್ಷಣ ಆರಿಸಿಕೊಳ್ಳಬಹುದು. ಒಂದು ವರ್ಷ ಒಬ್ಬ ಹುಡುಗಿ ತಾನಾಗಿಯೇ ಎಳ್ಳುಚುಕ್ಕೆಯನ್ನು ಆರಿಸಿಕೊಂಡಳು. “ಸರ್ರ, ಇದು ನಿಮ್ಮವ್ವನ ತವರಮನಿ ಕಡೀಂದ ಬಂದೈತಿ ಅಂತ ನಮ್ಮ ಆಯಿ ಅಂತಾಳ್ರಿ. ಅವ್ವಗ ಸಿಟ್ಟ ಬರತೈತ್ರಿ” ಎಂದಳು. ಮರುದಿನ ಚಿತ್ರ ಬರೆದು ತಂದಾಗ ನೋಡಿದರೆ ತಂದೆ ಮದುವೆಯಾದದ್ದು ಸ್ವಂತ ಅಕ್ಕನ ಮಗಳನ್ನು. ತಾಯಿಯ ತವರೆಂದರೆ ಆಯಿಯ ಹಿರಿ ಮಗಳ ಮನೆ! ಎರಡೂ ಟೊಂಗೆಗಳು ಮೇಲೆ ಹೋಗಿ ಕೂಡಿದ್ದು ಆಯಿಯಲ್ಲೇ. “ಆಯಿ ಮುಂಗೈ ನೋಡಿದ್ಯಾ?” ಎಂದು ಕೇಳಿದೆ. “ನೋಡೇನ್ರಿ. ಬಳಿ ಹಿಂದ ತುಂಬ ಅದಾವ” ಎಂದು ನಕ್ಕಳು. ಆ ಚಿತ್ರವನ್ನು ಅವಳು ಮನೆಯ ಗೋಡೆಗೆ ಅಂಟಿಸಿದಳಂತೆ.

ಆದರೆ ಅದೇ ವಂಶವೃಕ್ಷಕ್ಕೆ ಇನ್ನೊಂದು ಮುಖವಿದೆ. ಸೋದರಮಾವ-ಸೊಸೆಯ ಮದುವೆ ದಕ್ಷಿಣದ ಪದ್ಧತಿ ಎಂದು ಕರ್ವೆಯವರೇ 1953ರಲ್ಲಿ ಪ್ರಕಟವಾದ ತಮ್ಮ ಬಂಧುತ್ವ ಕುರಿತ ಗ್ರಂಥದಲ್ಲಿ ವಿವರಿಸಿದ್ದಾರೆ. ಸೋದರಮಾವ ಮತ್ತು ಸೊಸೆಯ ನಡುವೆ ಸರಾಸರಿ ನಾಲ್ಕನೇ ಒಂದು ಪಾಲು ಜೀನುಗಳು ಒಂದೇ ಆಗಿರುತ್ತವೆ. ಅತ್ತೆ-ಮಾವನ ಮಕ್ಕಳಾದರೆ ಎಂಟನೇ ಒಂದು. ಮನೆತನದಲ್ಲಿ ದೋಷವುಳ್ಳ ಜೀನು ಅಡಗಿದ್ದರೆ ಅದು ಗಂಡ ಹೆಂಡತಿ ಇಬ್ಬರಲ್ಲೂ ಇರುವ ಸಂಭವ ಇಂಥ ಮದುವೆಯಲ್ಲಿ ಹೆಚ್ಚು. ಇಬ್ಬರಲ್ಲೂ ಇದ್ದರೆ ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು.

ಕ್ಸೆರೊಡರ್ಮ ಪಿಗ್ಮೆಂಟೋಸಮ್ ಎಂಬ ಅಪರೂಪದ ಕಾಯಿಲೆ ಹೀಗೆ ಬರುವಂಥದು. ಬಿಸಿಲಿನಿಂದ ಕೆಟ್ಟ ಡಿ.ಎನ್.ಎ.ಯನ್ನು ದುರಸ್ತಿ ಮಾಡುವ ಶಕ್ತಿ ಈ ಮಕ್ಕಳ ಜೀವಕೋಶಗಳಲ್ಲಿ ಕುಂದಿರುತ್ತದೆ. ಆ ದುರಸ್ತಿಯ ಕ್ರಮವನ್ನು ಬಿಡಿಸಿ ತೋರಿಸಿದ್ದಕ್ಕೆ ಅಜೀಜ್ ಸಂಜಾರ್ ಅವರಿಗೆ 2015ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ರೋಗದ ಮೊದಲ ಗುರುತೇ ಎಳ್ಳುಚುಕ್ಕೆ. ಆದರೆ ಬರುವ ವಯಸ್ಸು ಬೇರೆ. ಎರಡು ವರ್ಷ ತುಂಬುವ ಮೊದಲೇ ಮುಖ-ಕೈಗಳ ಮೇಲೆ ಚುಕ್ಕೆಗಳು ಒತ್ತೊತ್ತಾಗಿ ಬರುತ್ತವೆ, ಚರ್ಮ ಒಣಗುತ್ತದೆ, ಬೆಳಕಿಗೆ ಮಗು ಕಣ್ಣು ತೆರೆಯಲಾರದು. ಬಿಸಿಲು ತಪ್ಪಿಸದಿದ್ದರೆ ಬಾಲ್ಯದಲ್ಲೇ ಚರ್ಮದ ಕ್ಯಾನ್ಸರ್ ಬರಬಹುದು. ಬೇಗ ಗುರುತಿಸಿ ಬಿಸಿಲಿನಿಂದ ಕಾಪಾಡಿದರೆ ಆಯುಷ್ಯ ಬೆಳೆಯುತ್ತದೆ. ಹಾಗೆಯೇ ಬಿಸಿಲೇ ಸೋಕದ ಕಂಕುಳಲ್ಲಿ ಚುಕ್ಕೆಗಳಿದ್ದು, ಮೈಮೇಲೆ ಹಾಲು ಬೆರೆಸಿದ ಚಹಾದ ಬಣ್ಣದ ಆರು ಅಥವಾ ಅದಕ್ಕಿಂತ ಹೆಚ್ಚು ಕಲೆಗಳಿದ್ದರೆ ಅದನ್ನೂ ತೋರಿಸಬೇಕು. ಅದು ನರಗಳಿಗೆ ಸಂಬಂಧಿಸಿದ ಇನ್ನೊಂದು ಆನುವಂಶಿಕ ಕಾಯಿಲೆಯ ಗುರುತಾಗಿರಬಹುದು.

ತೋರಿಸುವುದು ಎಲ್ಲಿ? ಚಿಕ್ಕೋಡಿ, ನಿಪ್ಪಾಣಿ, ರಾಯಬಾಗದವರಿಗೆ ಬೆಳಗಾವಿಯ ದೊಡ್ಡ ಆಸ್ಪತ್ರೆಗಳ ಚರ್ಮರೋಗ ವಿಭಾಗವಿದೆ. ಕಾಗವಾಡ, ಅಥಣಿ ಕಡೆಯವರಿಗೆ ಮಿರಜ್ ಹತ್ತಿರ. ಹೋದಾಗ ಮೂರು ಸಂಗತಿ ಹೇಳಿ: ಮೊದಲ ಚುಕ್ಕೆ ಕಂಡಾಗ ಮಗುವಿಗೆ ಎಷ್ಟು ತಿಂಗಳು, ಬೆಳಕಿಗೆ ಕಣ್ಣು ಹೇಗೆ, ತಂದೆ-ತಾಯಿ ಮದುವೆಗೆ ಮೊದಲೇ ಸಂಬಂಧಿಕರೇ. ಮೂರನೆಯದನ್ನು ನಾಚಿಕೆಯಿಂದ ನುಂಗಿಕೊಳ್ಳುವವರು ಬಹಳ. ಡಾಕ್ಟರಿಗೆ ಮೊದಲು ಬೇಕಾಗಿರುವುದು ಅದೇ.